ಹೆತ್ತವರು ಹಾಫ್ ಮ್ಯಾರಥಾನ್ ಓಡಿದರೆ ಗರ್ಭಕೋಶ ಜಾರುತ್ತದೆಯೇ?

"ಎರಡು ಹೆತ್ತಾಕಿ ನೀ, ಹಿಂಗ ಓಡಬ್ಯಾಡವ್ವ. ಗರ್ಭಚೀಲ ಜಾರ್ತದ."

ಯಾದಗಿರಿ, ಶಹಾಪುರ, ಸುರಪುರದ ಕಡೆ ನಸುಕಿನಲ್ಲಿ ಬೂಟು ಕಟ್ಟಿಕೊಂಡು ಹೊರಟ ಹೆಂಗಸಿಗೆ ಇಂಥ ಮಾತು ಕೇಳಿಬಂದರೆ ಆಶ್ಚರ್ಯವಿಲ್ಲ. ಹೇಳುವವರು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಅತ್ತೆ, ದೊಡ್ಡವ್ವ, ಪಕ್ಕದ ಮನೆಯವರು ಎಲ್ಲರೂ ಕಾಳಜಿಯಿಂದಲೇ ಹೇಳುತ್ತಾರೆ. ಅದರ ಜೊತೆಗೆ ಇನ್ನೂ ಕೆಲವು ಮಾತು ಸೇರಿಕೊಳ್ಳುತ್ತವೆ: ಮೊಣಕಾಲು ಸವೆಯುತ್ತದೆ, ಎದೆಹಾಲು ಹುಳಿಯಾಗುತ್ತದೆ, ಮನೆಗೆಲಸ ಮಾಡಿದರೆ ಸಾಲದೇ, ಓಟ ಯಾಕೆ ಬೇಕು.

ಹಾಫ್ ಮ್ಯಾರಥಾನ್ ಎಂದರೆ 21.0975 ಕಿ.ಮೀ. ಶಹಾಪುರದಿಂದ ಸುರಪುರಕ್ಕೆ ಬಸ್ಸಿನಲ್ಲಿ ಹೋದವರಿಗೆ ಅಂದಾಜು ಸಿಗುತ್ತದೆ, ಹೆಚ್ಚುಕಡಿಮೆ ಅಷ್ಟು ದೂರ. ಹೊಸಬರು ಅದನ್ನು ಓಡುತ್ತ ನಡೆಯುತ್ತ ಎರಡೂವರೆಯಿಂದ ಮೂರು ಗಂಟೆಯಲ್ಲಿ ಮುಗಿಸುತ್ತಾರೆ. ಇದು ಎರಡು ಮಕ್ಕಳ ತಾಯಿಗೆ ಸಾಧ್ಯವೇ? ದೇಹದ ಮಟ್ಟಿಗೆ ಹೇಳುವುದಾದರೆ, ಸಾಧ್ಯ. ಆದರೆ ನಮ್ಮ ಕಡೆಯ ಹೆಂಗಸರಿಗೆ ನಿಜವಾಗಿ ಅಡ್ಡ ಬರುವ ಸಂಗತಿಗಳು ಬೇರೆ ಇವೆ. ಅವುಗಳ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ.

ಗರ್ಭಕೋಶದ ಭಯ ಎಲ್ಲಿಂದ ಬಂತು?

ಇದು ನಮ್ಮ ಹಳ್ಳಿಗಳ ಮೂಢನಂಬಿಕೆ ಎಂದುಕೊಂಡರೆ ತಪ್ಪು. ಯುರೋಪು, ಅಮೆರಿಕದ ವೈದ್ಯರೂ ಕ್ರೀಡಾ ಅಧಿಕಾರಿಗಳೂ ಬಹಳ ಕಾಲ ಇದನ್ನೇ ನಂಬಿದ್ದರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಮಹಿಳೆಯರಿಗೆ 800 ಮೀಟರ್ ಓಟ ಇಟ್ಟರು. ಓಡಿದವರಲ್ಲಿ ಹಲವರು ಕುಸಿದು ಬಿದ್ದರು ಎಂದು ಪತ್ರಿಕೆಗಳು ಬರೆದವು. ನಿಜದಲ್ಲಿ ಫೈನಲ್‌ನಲ್ಲಿದ್ದ ಒಂಬತ್ತೂ ಜನ ಓಟ ಮುಗಿಸಿದ್ದರು, ದಣಿದ ಕೆಲವರು ನೆಲಕ್ಕೆ ಕೂತಿದ್ದರು, ಅಷ್ಟೆ. ಗಂಡಸರೂ ಹಾಗೇ ಕೂರುತ್ತಾರೆ. ಆದರೂ ಆ ಓಟ ಒಲಿಂಪಿಕ್ಸ್‌ಗೆ ಮರಳಿದ್ದು 1960ರಲ್ಲಿ. 1966ರಲ್ಲಿ ಬಾಸ್ಟನ್ ಮ್ಯಾರಥಾನ್‌ಗೆ ಹೆಸರು ಕೊಡಲು ಹೋದ ಬಾಬಿ ಗಿಬ್ ಅವರಿಗೆ, ಹೆಂಗಸರ ದೇಹಕ್ಕೆ ಅಷ್ಟು ದೂರ ಓಡುವ ಶಕ್ತಿ ಇಲ್ಲ ಎಂಬ ಉತ್ತರ ಬಂತು. ಅವರು ಪೊದೆಯ ಮರೆಯಲ್ಲಿ ನಿಂತಿದ್ದು, ಓಟ ಶುರುವಾದ ಮೇಲೆ ಗುಂಪಿಗೆ ಸೇರಿ ಪೂರ್ತಿ ಓಡಿದರು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ಅಲ್ಲಿಂದೀಚೆಗೆ ತಾಯಂದಿರೇ ಗೆದ್ದ ಓಟಗಳು ಬೇಕಾದಷ್ಟಿವೆ. ಕೆನ್ಯಾದ ಪೆರೆಸ್ ಜೆಪ್‌ಚಿರ್ಚಿರ್ 2017ರಲ್ಲಿ ಮಗಳನ್ನು ಹೆತ್ತು, 2020ರಲ್ಲಿ ಹಾಫ್ ಮ್ಯಾರಥಾನ್ ವಿಶ್ವ ಚಾಂಪಿಯನ್ ಆದರು, ಮರುವರ್ಷ ಒಲಿಂಪಿಕ್ ಮ್ಯಾರಥಾನನ್ನೂ ಗೆದ್ದರು.

ಹಳೆಯ ಅಂಜಿಕೆಯ ಬಾಲ ಇನ್ನೂ ಅಲ್ಲಲ್ಲಿ ಉಳಿದಂತಿದೆ. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡಸರಿಗೆ 1600 ಮೀಟರ್ ಓಟವಿದ್ದರೆ, ಹೆಂಗಸರಿಗೆ ಬರೀ 400 ಮೀಟರ್.

ಈಗ ವಿಜ್ಞಾನಕ್ಕೆ ಬರೋಣ. ಗರ್ಭಕೋಶ ದೇಹದೊಳಗೆ ಸುಮ್ಮನೆ ತೂಗಾಡುತ್ತಿರುವ ಚೀಲವಲ್ಲ. ಕಿಬ್ಬೊಟ್ಟೆಯ ತಳದಲ್ಲಿ ತೊಟ್ಟಿಲಿನಂತೆ ಹರಡಿರುವ ಸ್ನಾಯುಗಳು ಅದನ್ನು ಕೆಳಗಿನಿಂದ ಹಿಡಿದಿರುತ್ತವೆ, ಗಟ್ಟಿ ನಾರಿನಂಥ ಕಟ್ಟುಗಳು ಮೇಲಿನಿಂದ ಮತ್ತು ಪಕ್ಕಗಳಿಂದ ಬಿಗಿದಿರುತ್ತವೆ. ಹೆರಿಗೆಯಲ್ಲಿ ಈ ಸ್ನಾಯುಗಳು ಎಳೆದು ಸಡಿಲವಾಗುತ್ತವೆ. ಹಲವು ಸಹಜ ಹೆರಿಗೆ, ಮುಟ್ಟು ನಿಲ್ಲುವ ವಯಸ್ಸು, ಬೊಜ್ಜು, ಬಿಡದ ಕೆಮ್ಮು, ಮಲಬದ್ಧತೆ, ವರ್ಷಗಟ್ಟಲೆ ಭಾರ ಎತ್ತುವುದು ಇವೆಲ್ಲ ಗರ್ಭಕೋಶ ಜಾರುವ ಅಪಾಯ ಹೆಚ್ಚಿಸುತ್ತವೆ. ಚೇತರಿಸಿಕೊಂಡ ಆರೋಗ್ಯವಂತ ಹೆಂಗಸಿನಲ್ಲಿ ಓಟವೇ ಅದನ್ನು ಜಾರಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಓಡಬೇಡ ಎನ್ನುವ ಮನೆಯಲ್ಲೇ ಬಾಣಂತನ ಮುಗಿದ ಕೂಡಲೇ ತುಂಬಿದ ಕೊಡ ಸೊಂಟಕ್ಕೇರುತ್ತದೆ, ಹತ್ತಿ ಗಂಟು ತಲೆಗೇರುತ್ತದೆ. ಆ ಭಾರಕ್ಕೆ ಗರ್ಭಚೀಲದ ನೆನಪು ಯಾರಿಗೂ ಆಗುವುದಿಲ್ಲ.

ಹಿರಿಯರ ಮಾತಿನಲ್ಲಿ ಒಂದು ತಿರುಳು ಮಾತ್ರ ಪೂರ್ತಿ ಸರಿ: ಹೆತ್ತ ತಕ್ಷಣ ಓಡಬಾರದು. 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟ್‌ಗಳು ಹೊರತಂದ ಮಾರ್ಗಸೂಚಿ, ಹೆರಿಗೆಯಾಗಿ ಕನಿಷ್ಠ ಮೂರು ತಿಂಗಳು ಓಟ ಬೇಡ ಎನ್ನುತ್ತದೆ. ನಮ್ಮ ಬಾಣಂತನದ ಲೆಕ್ಕಕ್ಕೆ ಇದು ಹತ್ತಿರವೇ ಇದೆ. ಸಿಸೇರಿಯನ್ ಆಗಿದ್ದರೆ ಹೊಟ್ಟೆಯ ಪದರಗಳು ಕೂಡಿಕೊಳ್ಳಲು ಇನ್ನೂ ಹೆಚ್ಚು ಸಮಯ ಬೇಕಾಗಬಹುದು. ಮೂರು ತಿಂಗಳು ಕಳೆದರೂ ಕೆಳಗೆ ಏನೋ ಜಗ್ಗಿದಂತೆ, ಉಬ್ಬಿ ಬಂದಂತೆ ಅನ್ನಿಸಿದರೆ ಅಥವಾ ಓಡುವಾಗ ಮೂತ್ರ ಸೋರಿದರೆ ಮೊದಲು ಸ್ತ್ರೀರೋಗ ತಜ್ಞರನ್ನು ನೋಡಿ. ಮೂತ್ರ ಸೋರುವುದು ಬಹಳ ಜನರಿಗೆ ಇರುತ್ತದೆ, ಹೇಳಿಕೊಳ್ಳುವವರು ಕಡಿಮೆ. "ಹೆತ್ತ ಮೇಲೆ ಎಲ್ಲರಿಗೂ ಹಂಗೇ" ಎಂದು ಬಿಟ್ಟುಬಿಡುವ ತೊಂದರೆ ಇದಲ್ಲ. ಮೂತ್ರ ತಡೆಹಿಡಿದಂತೆ ಸ್ನಾಯು ಬಿಗಿಹಿಡಿದು ಸಡಿಲಿಸುವ ಕೀಗಲ್ ವ್ಯಾಯಾಮವನ್ನು ಸರಿಯಾಗಿ, ತಿಂಗಳುಗಟ್ಟಲೆ ಮಾಡಿದರೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ರೊಟ್ಟಿ ಬಡಿಯುತ್ತಲೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಮೊಣಕಾಲು, ಎದೆಹಾಲು

ಮೊಣಕಾಲಿನ ವಿಷಯವನ್ನು ಬೇಗ ಮುಗಿಸಬಹುದು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮೊಣಕಾಲು ಮತ್ತು ಸೊಂಟದ ಕೀಲು ಸವೆತ ಶೇ 3.5ರಷ್ಟಿತ್ತು. ಓಡದೆ ಕೂತಿರುವವರಲ್ಲಿ ಶೇ 10.2, ವೃತ್ತಿಪರ ಮಟ್ಟದಲ್ಲಿ ಓಡುವವರಲ್ಲಿ ಶೇ 13.3. ಆರೋಗ್ಯವಂತರೇ ಹೆಚ್ಚಾಗಿ ಓಟಕ್ಕೆ ಬರುತ್ತಾರೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ, ಮಿತಿಯಲ್ಲಿ ಓಡಿದರೆ ಕೀಲು ಸವೆಯುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ಆದರೆ ನಮ್ಮ ಭಾಗಕ್ಕೆ ಒಂದು ಮಾತು ಸೇರಿಸಬೇಕು. ಯಾದಗಿರಿ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕೀಲು ಬಿಗಿತ, ಬೆನ್ನು ನೋವು ಬರುತ್ತದೆ. ಹಲ್ಲಿನ ಮೇಲೆ ಕಂದು ಪಟ್ಟೆ ಇದ್ದು, ಕೀಲುಗಳೂ ಬಿಗಿಯಾಗಿದ್ದರೆ ಬೈಯಬೇಕಾದದ್ದು ಓಟವನ್ನಲ್ಲ, ನೀರನ್ನು.

ಎದೆಹಾಲಿನ ವಿಷಯದಲ್ಲಿ ಗೊಂದಲಕ್ಕೆ ಕಾರಣವಿದೆ. ಏದುಸಿರು ಬಿಡುವಷ್ಟು ಜೋರಾಗಿ ಓಡಿದ ಮೇಲೆ ಹಾಲಿನಲ್ಲಿ ಲ್ಯಾಕ್ಟಿಕ್ ಆಮ್ಲ ತುಸು ಹೆಚ್ಚುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅದರಿಂದ ಮಗುವಿಗೆ ಹಾನಿ ಇಲ್ಲ. ಸಾಧಾರಣ ವೇಗದ ಓಟದಲ್ಲಿ ಅಷ್ಟೂ ಆಗುವುದಿಲ್ಲ, ಹಾಲಿನ ಪ್ರಮಾಣವೂ ಇಳಿಯುವುದಿಲ್ಲ. ಮಗುವಿಗೆ ಹಾಲುಣಿಸಿ ಹೊರಟರೆ ಎದೆ ಹಗುರಾಗಿ ಓಟವೂ ಸುಲಭ.

ಮನೆಗೆಲಸ, ಹೊಲದ ಕೆಲಸ ಸಾಕಲ್ಲವೇ?

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನೀರು ಹೊತ್ತು, ರೊಟ್ಟಿ ಬಡಿದು, ಹತ್ತಿ ಬಿಡಿಸಿ ಬಂದವಳಿಗೆ ವ್ಯಾಯಾಮ ಮಾಡು ಎನ್ನುವುದು ಅವಮಾನದಂತೆ ಕೇಳಿಸುತ್ತದೆ. ಆದರೆ ದಣಿವು ಬೇರೆ, ದೇಹ ಬಲಿಯುವುದು ಬೇರೆ. ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯನ್ನು 1 ಎಂದು ಇಟ್ಟುಕೊಂಡರೆ, ಕಸ ಗುಡಿಸುವುದು ಸುಮಾರು 3, ಗಂಟೆಗೆ 8 ಕಿ.ಮೀ. ವೇಗದ ಓಟ ಸುಮಾರು 8. ಹೃದಯದ ಸಾಮರ್ಥ್ಯ ಹೆಚ್ಚಬೇಕಾದರೆ ಅದರ ಮೇಲೆ ಆಗಾಗ ಹೆಚ್ಚಿನ ಒತ್ತಡ ಬೀಳಬೇಕು, ಆಮೇಲೆ ವಿಶ್ರಾಂತಿ ಸಿಗಬೇಕು. ಹೊಲದ ಮತ್ತು ಮನೆಯ ಕೆಲಸದಲ್ಲಿ ಕಡಿಮೆ ತೀವ್ರತೆಯ ದುಡಿಮೆ ಎಂಟು ಹತ್ತು ತಾಸು ಎಳೆಯುತ್ತದೆ, ವಿಶ್ರಾಂತಿ ಸಿಗುವುದಿಲ್ಲ. ಬಿಡುವಿನಲ್ಲಿ ಮಾಡಿದ ವ್ಯಾಯಾಮ ಆಯುಷ್ಯ ಹೆಚ್ಚಿಸುತ್ತದೆ, ದುಡಿಮೆಯ ಶ್ರಮಕ್ಕೆ ಅದೇ ಲಾಭ ಕಾಣುವುದಿಲ್ಲ ಎಂಬುದನ್ನು ಸಂಶೋಧಕರು ಕೆಲವು ವರ್ಷಗಳಿಂದ ಚರ್ಚಿಸುತ್ತಿದ್ದಾರೆ. ಈ ಪುರಾವೆ ಗಂಡಸರ ವಿಷಯದಲ್ಲಿ ಗಟ್ಟಿಯಾಗಿದೆ, ಹೆಂಗಸರ ವಿಷಯದಲ್ಲಿ ಅಷ್ಟು ಸ್ಪಷ್ಟವಿಲ್ಲ.

ನಿಜವಾದ ತಡೆ: ರಕ್ತ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ದೇಶದಲ್ಲಿ ಶೇ 57, ಕರ್ನಾಟಕದಲ್ಲಿ ಶೇ 47.8. ಯಾದಗಿರಿಯಲ್ಲಿ ಅದು ರಾಜ್ಯದ ಸರಾಸರಿಗಿಂತ ಹೆಚ್ಚು. ಬೂಟು ಕೊಳ್ಳುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ ಎಂದು ಹೇಳುವುದು ಅದಕ್ಕೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಗುತ್ತದೆ.

ಹಿಮೋಗ್ಲೋಬಿನ್ ಆಮ್ಲಜನಕವನ್ನು ಸ್ನಾಯುಗಳಿಗೆ ಒಯ್ಯುವ ಗಾಡಿ. ಗರ್ಭಿಣಿಯಲ್ಲದ ಹೆಂಗಸಿಗೆ ಅದು ಡೆಸಿಲೀಟರಿಗೆ 12 ಗ್ರಾಂ ಇರಬೇಕು. 13 ಇರುವವಳಿಗೆ ಹೋಲಿಸಿದರೆ 10 ಇರುವವಳ ರಕ್ತ ಒಯ್ಯುವ ಆಮ್ಲಜನಕ ಸುಮಾರು ಕಾಲುಭಾಗ ಕಡಿಮೆ. ಇಬ್ಬರೂ ಒಂದೇ ವೇಗದಲ್ಲಿ ಓಡಿದರೆ ಎರಡನೆಯವಳ ಹೃದಯ ಎಷ್ಟು ಜೋರಾಗಿ ಬಡಿದುಕೊಳ್ಳಬೇಕು ಎಂದು ಲೆಕ್ಕ ಹಾಕಿ. ಅವಳಿಗೆ ಎದೆ ಡವಗುಟ್ಟುತ್ತದೆ, ಕಣ್ಣು ಕತ್ತಲಿಡುತ್ತದೆ, "ನನ್ನಿಂದ ಆಗಲ್ಲ" ಎಂದು ಎರಡೇ ವಾರಕ್ಕೆ ಬಿಡುತ್ತಾಳೆ. ನೋಡಿದವರು ಹೆತ್ತವಳ ದೇಹಕ್ಕೆ ಓಟ ಆಗಿಬರುವುದಿಲ್ಲ ಎಂದು ತೀರ್ಮಾನಿಸುತ್ತಾರೆ. ತೊಂದರೆ ಇದ್ದದ್ದು ಕಬ್ಬಿಣಾಂಶದಲ್ಲಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಮೊದಲು ಚಿಕಿತ್ಸೆ, ಅಲ್ಲಿಯವರೆಗೆ ಬರೀ ನಡಿಗೆ. 8ಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ ರಕ್ತಹೀನತೆ, ಓಟದ ಮಾತೇ ಬೇಡ.

ಓಟವೂ ಕಬ್ಬಿಣಾಂಶವನ್ನು ತಿನ್ನುತ್ತದೆ. ಪಾದ ನೆಲಕ್ಕೆ ಬಡಿದಾಗಲೆಲ್ಲ ಅಷ್ಟಿಷ್ಟು ಕೆಂಪು ರಕ್ತಕಣ ಒಡೆಯುತ್ತವೆ, ಬೆವರಿನಲ್ಲೂ ತುಸು ಹೋಗುತ್ತದೆ, ಮುಟ್ಟಿನ ನಷ್ಟ ಇದ್ದೇ ಇದೆ. ಓಡಿದ ಮೂರರಿಂದ ಆರು ತಾಸಿನ ಹೊತ್ತಿಗೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಕರುಳು ಕಬ್ಬಿಣಾಂಶ ಹೀರುವುದನ್ನು ತಡೆಯುತ್ತದೆ. ಆದ್ದರಿಂದ ವೈದ್ಯರು ಮಾತ್ರೆ ಕೊಟ್ಟಿದ್ದರೆ ಬೆಳಗಿನ ಓಟ ಮುಗಿದ ಅರ್ಧ ತಾಸಿನೊಳಗೆ, ನಿಂಬೆ ನೀರಿನ ಜೊತೆ ನುಂಗುವುದು ಲೇಸು ಎಂದು ಸಣ್ಣ ಅಧ್ಯಯನಗಳು ಸೂಚಿಸುತ್ತವೆ. ಚಹಾದ ಜೊತೆ ಮಾತ್ರ ಬೇಡ, ಅದರಲ್ಲಿರುವ ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದಿಡುತ್ತದೆ. ಓಡಿ ಬಂದ ಕೂಡಲೇ ಒಂದು ಕಪ್ ಚಹಾ ಎಂಬ ಅಭ್ಯಾಸವನ್ನು ಒಂದು ತಾಸು ಮುಂದೂಡಬೇಕಾಗುತ್ತದೆ. ಕಷ್ಟ, ಗೊತ್ತು. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ ವಾರಕ್ಕೊಂದು ಕಬ್ಬಿಣಾಂಶ–ಫೋಲಿಕ್ ಆಮ್ಲದ ಮಾತ್ರೆ ಹೆಂಗಸರಿಗೆ ಉಚಿತ, ಗರ್ಭಿಣಿಯರಿಗೂ ಹೆತ್ತ ಮೇಲೆ 180 ದಿನವೂ ದಿನಕ್ಕೊಂದು. ಆಶಾ ಕಾರ್ಯಕರ್ತೆಯನ್ನು ಕೇಳಿ.

ಕೊನೆಗೆ ಉಣ್ಣುವವಳ ಲೆಕ್ಕ

ಓಟದಲ್ಲಿ ದೇಹ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕ್ಯಾಲೊರಿ ಖರ್ಚು ಮಾಡುತ್ತದೆ. 55 ಕಿಲೋ ತೂಗುವವಳಿಗೆ ಹಾಫ್ ಮ್ಯಾರಥಾನಿನ ಖರ್ಚು ಸುಮಾರು 1150 ಕ್ಯಾಲೊರಿ. ಜೋಳದ ರೊಟ್ಟಿಯ ಲೆಕ್ಕದಲ್ಲಿ ಆರೇಳು ರೊಟ್ಟಿ. ತರಬೇತಿಯ ವಾರಗಳಲ್ಲಿ ಇದನ್ನು ತುಂಬಿಕೊಳ್ಳದಿದ್ದರೆ ಮುಟ್ಟು ಏರುಪೇರಾಗುತ್ತದೆ ಇಲ್ಲವೇ ನಿಲ್ಲುತ್ತದೆ, ಮೂಳೆ ಬಲ ಕಳೆದುಕೊಳ್ಳುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ಹೆಸರು ಕೊಟ್ಟು ಎಚ್ಚರಿಸಿತು. ಅಲ್ಲಿ ಉದಾಹರಣೆ ತೂಕ ಇಳಿಸಲು ಹೊರಟ ಕ್ರೀಡಾಪಟುಗಳದ್ದು. ನಮ್ಮಲ್ಲಿ ಕಾರಣ ಬೇರೆ: ಎಲ್ಲರದೂ ಊಟವಾದ ಮೇಲೆ ಉಳಿದದ್ದು, ಜೊತೆಗೆ ಶ್ರಾವಣ ಸೋಮವಾರದ ಉಪವಾಸ. ಉಪವಾಸ ಬಿಡಿ ಎಂದು ಹೇಳುವುದು ಈ ಬರಹದ ಕೆಲಸವಲ್ಲ, ಉಪವಾಸದ ದಿನ ಓಟ ಬಿಡಿ ಎನ್ನಬಹುದು. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ, ಸಾಧ್ಯವಾದರೆ ಮೊಟ್ಟೆ ಇದ್ದರೆ ಸಾಕು. ಓಟಗಾರರ ವಿಶೇಷ ಪುಡಿಗಳಿಗೆ ದುಡ್ಡು ಸುರಿಯಬೇಕಿಲ್ಲ.

ಆ ಗಂಟೆಗಳು ಎಲ್ಲಿಂದ ಬರಬೇಕು?

ವಾರಕ್ಕೆ ಮೂರು ದಿನ, ಒಟ್ಟು 16 ವಾರ. ಎರಡು ದಿನ 35–40 ನಿಮಿಷ, ಭಾನುವಾರ ಒಂದು ಉದ್ದನೆಯ ಓಟ. ಶುರುವಿಗೆ ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆ. ಅಮೆರಿಕದ ಓಟಗಾರ ಜೆಫ್ ಗ್ಯಾಲೊವೇ 1970ರ ದಶಕದಲ್ಲಿ ಹೊಸಬರಿಗಾಗಿ ಜನಪ್ರಿಯಗೊಳಿಸಿದ ಕ್ರಮ ಇದು, ಇದರಲ್ಲಿ ಸೋಲೇನೂ ಇಲ್ಲ. ಭಾನುವಾರದ ದೂರ 4–5 ಕಿ.ಮೀ.ಯಿಂದ ಶುರುವಾಗಿ ಕೊನೆಗೆ 16–18ಕ್ಕೆ ಮುಟ್ಟಿದರೆ ಸಾಕು, 21ನ್ನು ಮೊದಲೇ ಓಡಿ ನೋಡಬೇಕಿಲ್ಲ. ವೇಗಕ್ಕೆ ಅಳತೆಗೋಲು ಮಾತು: ಜೊತೆಗಾತಿಯ ಹತ್ತಿರ ಪೂರ್ತಿ ವಾಕ್ಯ ಮಾತಾಡುತ್ತ ಓಡಲು ಆಗಬೇಕು. ಈ ನಿಧಾನದಲ್ಲೇ ಸ್ನಾಯುವಿನೊಳಗೆ ಹೊಸ ಸಣ್ಣ ರಕ್ತನಾಳಗಳು ಹುಟ್ಟುತ್ತವೆ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ವಾರಕ್ಕೆ ಶೇ 10ಕ್ಕಿಂತ ಹೆಚ್ಚು ದೂರ ಏರಿಸಬಾರದು ಎಂಬ ನಿಯಮ ಎಲ್ಲೆಡೆ ಕೇಳಿಬರುತ್ತದೆ. 2008ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ ಹೊಸಬರ ಮೇಲೆ ಪರೀಕ್ಷಿಸಿದಾಗ, ಆ ನಿಯಮ ಪಾಲಿಸಿದವರಿಗೂ ಬೇಗ ಏರಿಸಿದವರಿಗೂ ಗಾಯದ ಪ್ರಮಾಣ ಬಹುತೇಕ ಒಂದೇ ಆಗಿತ್ತು. ನಿಯಮಕ್ಕಿಂತ ನಿಮ್ಮ ಮೊಣಕಾಲಿನ, ಮೀನಖಂಡದ ನೋವಿಗೆ ಕಿವಿಗೊಡುವುದು ಒಳ್ಳೆಯದು.

ಎಲ್ಲ ಸೇರಿದರೆ 16 ವಾರಕ್ಕೆ ಸುಮಾರು 50 ಗಂಟೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ತೊಡಗುವ ಗಂಡಸರು 88 ನಿಮಿಷ. ಅದೇ 16 ವಾರಗಳಲ್ಲಿ ಹೆಂಗಸಿನ ಮನೆಗೆಲಸ ಸುಮಾರು 540 ಗಂಟೆ. ಅಂದರೆ ಓಟಕ್ಕೆ ಬೇಕಾದದ್ದು ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಆ ಭಾಗವನ್ನು ಬೇರೆ ಯಾರಾದರೂ ವಹಿಸಿಕೊಳ್ಳಬೇಕು. ಹಾಗಾಗದಿದ್ದರೆ ಅದು ನಿದ್ದೆಯಿಂದ ಕಡಿತವಾಗುತ್ತದೆ. ರಾತ್ರಿ ಹತ್ತೂವರೆಗೆ ಪಾತ್ರೆ ತೊಳೆದು ಮಲಗಿ, ನಾಲ್ಕೂವರೆಗೆ ಎದ್ದು ಓಡಿ, ಏಳಕ್ಕೆ ಮಕ್ಕಳ ಡಬ್ಬಿ ಕಟ್ಟುವವಳು ಎಷ್ಟು ಛಲವಂತೆಯಾದರೂ ಆರನೇ ವಾರದ ಹೊತ್ತಿಗೆ ಗಾಯಗೊಳ್ಳುವ, ಕಾಯಿಲೆ ಬೀಳುವ ಸಾಧ್ಯತೆ ಹೆಚ್ಚು. ಓಟದಿಂದ ಆಗುವ ಬಲವರ್ಧನೆ ನಡೆಯುವುದೇ ನಿದ್ದೆಯಲ್ಲಿ. "ಮನಸ್ಸಿದ್ದರೆ ಮಾರ್ಗ" ಎಂಬ ಸ್ಫೂರ್ತಿಯ ಮಾತುಗಳು ಈ ಲೆಕ್ಕವನ್ನು ಮುಚ್ಚಿಡುತ್ತವೆ ಎಂಬುದು ನನ್ನ ತಕರಾರು. ಭಾನುವಾರದ ರೊಟ್ಟಿ ಗಂಡ ಬಡಿಯಲಿ, ಬಾರದಿದ್ದರೆ ಉಪ್ಪಿಟ್ಟು ಮಾಡಲಿ, ಸುಸಲಾ ಮಾಡಲಿ. ಮಗು ರಾತ್ರಿ ಮೂರು ನಾಲ್ಕು ಸಲ ಎಬ್ಬಿಸಿದ್ದರೆ ಆ ಬೆಳಗ್ಗೆ ಓಟ ಬಿಡಿ, ವಾರಕ್ಕೆ ಎರಡೇ ದಿನ ಓಡಿದರೂ ತರಬೇತಿ ಹಾಳಾಗುವುದಿಲ್ಲ.

ಬಿಸಿಲು, ಜಾಗ, ಹಂಗಾಮು

ಓಡುವಾಗ ದೇಹ ಖರ್ಚು ಮಾಡುವ ಶಕ್ತಿಯ ಮುಕ್ಕಾಲು ಭಾಗ ಬರೀ ಶಾಖವಾಗುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಸಂಜೆ ಆರಕ್ಕೂ ನೆಲ ಕಾದಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ತರಬೇತಿ ಶುರುಮಾಡುವುದು ಬೇಡ. ಚಳಿಗಾಲದ ಓಟವೊಂದನ್ನು ಗುರಿಯಾಗಿಟ್ಟುಕೊಳ್ಳಿ. ಪಕ್ಕದ ವಿಜಯಪುರದಲ್ಲಿ ಡಿಸೆಂಬರ್ ಹೊತ್ತಿಗೆ ನಡೆಯುವ ವೃಕ್ಷೋಥಾನ್ ಹೆರಿಟೇಜ್ ರನ್‌ನಲ್ಲಿ 21 ಕಿ.ಮೀ. ವಿಭಾಗವಿದೆ. ಹೈದರಾಬಾದ್ ಮ್ಯಾರಥಾನ್ ರೈಲಿಗೆ ಹತ್ತಿರ, ಆದರೆ ಅದು ಆಗಸ್ಟಿನಲ್ಲಿ. ಅದಕ್ಕೆ ತಯಾರಾಗಬೇಕಾದರೆ ಬೇಸಿಗೆಯಲ್ಲೇ ಓಡಬೇಕಾಗುತ್ತದೆ. ಡಿಸೆಂಬರಿನ ಗುರಿಗೂ ಒಂದು ತೊಡಕಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ಶಹಾಪುರ, ಸುರಪುರದ ಹೊಲಗಳಲ್ಲಿ ಅದೇ ತಿಂಗಳುಗಳಲ್ಲಿ ಹತ್ತಿ ಬಿಡಿಸುವ, ಭತ್ತ ಕೊಯ್ಯುವ ಕೆಲಸ ಇರುತ್ತದೆ. ಹೊಲಕ್ಕೆ ಹೋಗುವ ವಾರಗಳಲ್ಲಿ ಮಧ್ಯದ ಎರಡು ಓಟ ಬಿಟ್ಟು ಭಾನುವಾರದ್ದೊಂದನ್ನು ಉಳಿಸಿಕೊಳ್ಳಿ.

ಜಾಗಕ್ಕೆ ಯಾದಗಿರಿಯಲ್ಲಿ ಜಿಲ್ಲಾ ಕ್ರೀಡಾಂಗಣವಿದೆ. ಶಹಾಪುರ, ಸುರಪುರದವರಿಗೆ ಶಾಲೆ, ಕಾಲೇಜು ಮೈದಾನಗಳೇ ಗತಿ. ಪೊಲೀಸ್ ನೇಮಕಾತಿಗೆ ಅಭ್ಯಾಸ ಮಾಡುವ ಹುಡುಗಿಯರು ಅಲ್ಲಿ ಬರುತ್ತಿದ್ದರೆ ಅವರ ಜೊತೆ ಸೇರಿಕೊಳ್ಳಿ. ಕಾಲುವೆ ದಂಡೆಯ ದಾರಿ ತಂಪಾಗಿರುತ್ತದೆ, ಆದರೆ ಕತ್ತಲಲ್ಲಿ ಒಬ್ಬರೇ ಬೇಡ: ನಾಯಿ, ಹಾವು, ಮನುಷ್ಯರು, ಮೂರೂ ಕಾರಣ. ಚೂಡಿದಾರದಲ್ಲಿ ಓಡಬಹುದು, ದುಪಟ್ಟಾ ಬಿಗಿದು ಕಟ್ಟಿದರಾಯಿತು. ಹಣ ಹಾಕಲೇಬೇಕಾದ ಎರಡು ವಸ್ತು: ಬೆರಳ ಮುಂದೆ ಹೆಬ್ಬೆರಳಗಲ ಜಾಗವಿರುವ ಓಟದ ಬೂಟು ಮತ್ತು ಗಟ್ಟಿಯಾಗಿ ಹಿಡಿಯುವ ಸ್ಪೋರ್ಟ್ಸ್ ಬ್ರಾ. ಹಾಲುಣಿಸುವವರಿಗೆ ಎರಡನೆಯದು ಬೂಟಿಗಿಂತ ಮುಖ್ಯ.

ನೀರಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಎಷ್ಟು ಕುಡಿದರೂ ಒಳ್ಳೆಯದೇ ಎಂದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13 ಜನರಲ್ಲಿ ಸೋಡಿಯಂ ಸಾಮಾನ್ಯ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ನಿಧಾನವಾಗಿ ಓಡುತ್ತ, ಪ್ರತಿ ನಿಲ್ದಾಣದಲ್ಲೂ ನೀರು ಕುಡಿಯುತ್ತ ಹೋದವರಿಗೇ ಅಪಾಯ ಹೆಚ್ಚು. ಮೊದಲ ಸಲ ಓಡುವ ತಾಯಂದಿರು ಬಹುತೇಕ ಆ ಗುಂಪಿನಲ್ಲೇ ಇರುತ್ತಾರೆ. ಬಾಯಾರಿದಾಗ ಕುಡಿಯಿರಿ, ಒಂದು ತಾಸು ದಾಟಿದ ಮೇಲೆ ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಉದ್ದನೆಯ ಓಟದ ಮೊದಲು ಮತ್ತು ಆಮೇಲೆ ತೂಕ ನೋಡಿಕೊಳ್ಳಿ: ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು ಹೋಗಿದೆ ಎಂದರ್ಥ. ತೂಕ ಏರಿದ್ದರೆ ಮುಂದಿನ ಭಾನುವಾರ ಕಡಿಮೆ ಕುಡಿಯಬೇಕು.